ಹವ್ಯಾಸದ ಸೂಜಿ, ಬದುಕಿನ ದಾರಿ: ವಿಜಯಪುರ, ತಿಕೋಟಾ, ಬಬಲೇಶ್ವರದ ಹೆಣ್ಣುಮಕ್ಕಳ ಹೊಲಿಗೆ

ಕರಾವಳಿಯಲ್ಲಿ 'ಬಿಜಾಪುರದವರು' ಎಂದ ಕೂಡಲೇ ನಮಗೆ ನೆನಪಾಗುವುದು ಕಟ್ಟಡದ ಕೆಲಸ, ರಸ್ತೆಯ ಕೆಲಸ ಮತ್ತು ತಗಡಿನ ಶೆಡ್ಡುಗಳ ಬಿಡಾರ. ಮಂಗಳೂರು, ಉಡುಪಿ, ಕಾರವಾರದ ಬಹುತೇಕ ಕಾಂಕ್ರೀಟ್ ಕೆಲಸಗಳಲ್ಲಿ ಉತ್ತರ ಕರ್ನಾಟಕದ ಕೈಗಳ ಶ್ರಮವಿದೆ. ಆದರೆ ತಲೆಯ ಮೇಲೆ ಬುಟ್ಟಿ ಹೊರುವ ಅದೇ ಹೆಂಗಸರ ಕೈಯಲ್ಲಿ ಇನ್ನೊಂದು ವಿದ್ಯೆಯೂ ಇದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅದು ಸೂಜಿಯ ವಿದ್ಯೆ. ಹತ್ತು-ಹನ್ನೆರಡು ವರ್ಷಕ್ಕೇ ತಾಯಿ ಅಥವಾ ಅಜ್ಜಿಯ ಪಕ್ಕ ಕುಳಿತು ಕಲಿತ ಈ ವಿದ್ಯೆ, ಹರೆಯದಲ್ಲಿ ಬಿಡುವಿನ ವೇಳೆಯ ಹವ್ಯಾಸವಾಗಿ, ಮದುವೆಯಾದ ಮೇಲೆ ಹೆಚ್ಚಾಗಿ ಮರೆತೇ ಹೋಗುತ್ತದೆ. ಕೆಲವರ ಬಾಳಿನಲ್ಲಿ ಮಾತ್ರ ಅದು ಕಸುಬಾಗಿ, ಕಸುಬಿನಿಂದ ಸೃಜನಶೀಲ ವೃತ್ತಿಯಾಗಿ ಬೆಳೆಯುತ್ತದೆ. ಹಾಗೆ ಬೆಳೆಯಲು ಏನು ಬೇಕು? ಎಲ್ಲಿ ಅಡ್ಡಿಯಾಗುತ್ತದೆ? ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರದ ಪರಿಸರವನ್ನು ಮುಂದಿಟ್ಟುಕೊಂಡು ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೂರು ಊರು, ನಾಲ್ಕು ಬಗೆಯ ಹೊಲಿಗೆ

2014ರ ನವೆಂಬರ್ 1ರಂದು ಬಿಜಾಪುರ ಎಂಬ ಹೆಸರು ಅಧಿಕೃತವಾಗಿ ವಿಜಯಪುರ ಎಂದಾಯಿತು. ನಗರದಿಂದ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿ ತಿಕೋಟಾ, ನೈರುತ್ಯಕ್ಕೆ ಜಮಖಂಡಿಯ ದಾರಿಯಲ್ಲಿ ಬಬಲೇಶ್ವರ ಇವೆ. ಎರಡೂ ನಗರದಿಂದ ಸುಮಾರು 20-25 ಕಿ.ಮೀ. ದೂರದಲ್ಲಿದ್ದು, ಈಗ ತಾಲೂಕು ಕೇಂದ್ರಗಳಾಗಿವೆ. ಜೋಳ, ತೊಗರಿ, ದ್ರಾಕ್ಷಿಯ ಈ ನೆಲದಲ್ಲಿ ಮಳೆ ಕಡಿಮೆ. ಸುತ್ತಮುತ್ತ ಲಂಬಾಣಿ ತಾಂಡಾಗಳು ಬಹಳ ಇವೆ. ಮಳೆ ಕೈಕೊಟ್ಟ ವರ್ಷ ತಾಂಡಾಗಳ ಮನೆಗಳಿಗೆ ಬೀಗ ಬೀಳುತ್ತದೆ. ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೂಲಿಗೆ ಗೋವಾಕ್ಕೆ ಮತ್ತು ನಮ್ಮ ಕರಾವಳಿಗೆ ಹೊರಡುತ್ತಾರೆ.

ಈ ಭಾಗದ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಸಿಗುವ ಹೊಲಿಗೆ ನಾಲ್ಕು ಬಗೆಯದು.

ಮೊದಲನೆಯದು ಕೌದಿ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ದಪ್ಪ ದಾರದಿಂದ ಸಾಲು ಸಾಲಾಗಿ ಹೊಲಿದರೆ ಕೌದಿಯಾಗುತ್ತದೆ. ಮೇಲಿನ ಪದರದಲ್ಲಿ ಯಾವ ಬಣ್ಣದ ಪಕ್ಕ ಯಾವ ಬಣ್ಣ ಬರಬೇಕು ಎಂಬುದನ್ನು ಹೊಲಿಯುವವಳೇ ತೀರ್ಮಾನಿಸುತ್ತಾಳೆ. ಶಾಲೆಯ ಚಿತ್ರಕಲಾ ತರಗತಿಗೆ ಹೋಗದ ಹುಡುಗಿಗೂ ಬಣ್ಣ ಹೊಂದಿಸುವ ಕಣ್ಣು ಬರುವುದು ಇಲ್ಲಿಯೇ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಹೆಂಗಸರೂ ಇಂಥ ಕೌದಿ ಹೊಲಿಯುತ್ತಾರೆ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ 'ಫುಲಾ' ಎಂಬ ಪುಟ್ಟ ಬಟ್ಟೆಯ ಹೂವನ್ನು ಕೂರಿಸುತ್ತಾರೆ. ಸಿದ್ದಿ ಕೌದಿಗಳು ವಿದೇಶದ ಕಲಾ ಪ್ರದರ್ಶನಗಳವರೆಗೂ ಹೋಗಿವೆ.

ಎರಡನೆಯದು ಕಸೂತಿ. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಕೆಲಸವಿದು. ಇದರಲ್ಲಿ ನಾಲ್ಕು ಮುಖ್ಯ ಹೊಲಿಗೆಗಳಿವೆ. ಗಾವಂತಿಯಲ್ಲಿ ಒಂದು ಸಲ ಹೋದ ದಾರಿಯಲ್ಲೇ ಮರಳಿ ಬಂದು ಖಾಲಿ ಬಿಟ್ಟ ಜಾಗ ತುಂಬುತ್ತಾರೆ, ಹಾಗಾಗಿ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಮುರ್ಗಿಯೂ ಇಂಥದೇ, ಆದರೆ ಮೆಟ್ಟಿಲಿನ ಹಾಗೆ ಅಂಕುಡೊಂಕಾಗಿ ಸಾಗುತ್ತದೆ. ನೇಗಿ ನೇಯ್ದ ಹಾಗೆ ಕಾಣುತ್ತದೆ. ಮೆಂತೆ ಎಂದರೆ ಅಡ್ಡಗೆರೆಗಳ ತುಂಬು ಹೊಲಿಗೆ. ಗೋಪುರ, ತುಳಸಿಕಟ್ಟೆ, ತೇರು, ಆನೆ ಅಂಬಾರಿ, ನವಿಲು ಇದರ ಚಿತ್ರಗಳು. ಗಂಟು ಹಾಕುವಂತಿಲ್ಲ, ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆಯುವಂತಿಲ್ಲ. ಎಣಿಕೆ ಒಂದು ಎಳೆ ತಪ್ಪಿದರೆ ಆನೆಯ ಕಾಲು ನೆಲಕ್ಕೆ ತಾಗುವುದಿಲ್ಲ. ಇಳಕಲ್ ಸೀರೆಯ ಮೇಲೆ, ಅದರಲ್ಲೂ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಈ ಕಸೂತಿ ಶೋಭಿಸುತ್ತದೆ.

ಮೂರನೆಯದು ಲಂಬಾಣಿ ಕಸೂತಿ. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ಕುಪ್ಪಸ, ತಲೆಯ ಮೇಲಿನ ಹೊದಿಕೆ, ಇವೆಲ್ಲವೂ ಕನ್ನಡಿ ಚೂರು, ಕವಡೆ, ನಾಣ್ಯ, ಬಣ್ಣದ ದಾರಗಳಿಂದ ತುಂಬಿರುತ್ತವೆ. ಸಂಡೂರಿನ ಲಂಬಾಣಿ ಕಸೂತಿಯಲ್ಲಿ 14 ಹೊಲಿಗೆಗಳನ್ನು ಹೆಸರಿಸಲಾಗಿದೆ. ಕೀಲನ್, ವೇಲೆ, ಬಕ್ಯಾ, ಮಕಿ, ಸೂರ್ಯಕಾಂತಿ ಮಕಿ, ರೇಲೋ, ಗಾದ್ರಿ, ನಾಕ್ರಾ ಅವುಗಳಲ್ಲಿ ಕೆಲವು. ಗೋರ್ ಬೋಲಿಯಲ್ಲಿ ತಾಯಿಗೆ 'ಯಾಡಿ' ಎನ್ನುತ್ತಾರೆ. ಈ ಹೊಲಿಗೆಗಳಿಗೆ ಪಠ್ಯಪುಸ್ತಕವಿಲ್ಲ, ಯಾಡಿಯ ಕೈಯೇ ಪುಸ್ತಕ.

ನಾಲ್ಕನೆಯದು ಕಾಲು ಮಷಿನ್ನಿನ ಹೊಲಿಗೆ. ಝಂಪರ, ಲಂಗ, ಮಕ್ಕಳ ಕುಲಾವಿ-ಕುಂಚಿಗೆ, ಸೀರೆಗೆ ಫಾಲ್ ಮತ್ತು ಪಿಕೋ ಇವೇ ಇದರ ದಿನನಿತ್ಯದ ಕೆಲಸಗಳು. ಹತ್ತನೇ ತರಗತಿ ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಗೆ ಮನೆಯವರು ಮೊದಲು ಹೇಳುವ ಮಾತು 'ಹೊಲಿಗಿ ಕಲಿ' ಎಂಬುದೇ.

ಹವ್ಯಾಸ ವೃತ್ತಿಯಾಗುವ ಹಂತಗಳು

ಕೈಯಲ್ಲಿ ಕಲೆ ಇದ್ದ ಮಾತ್ರಕ್ಕೆ ವೃತ್ತಿ ಆಗುವುದಿಲ್ಲ. ನಡುವೆ ನಾಲ್ಕು ಮೆಟ್ಟಿಲುಗಳಿವೆ.

ಒಂದು, ಬೇರೆಯವರಿಗಾಗಿ ಹೊಲಿಯುವುದು. ತನಗಾಗಿ ಹೊಲಿಯುವಾಗ ತಪ್ಪಿದರೂ ನಡೆಯುತ್ತದೆ. ನೆರೆಮನೆಯ ಅಕ್ಕನ ಝಂಪರ ಹೊಲಿಯಲು ಒಪ್ಪಿಕೊಂಡ ದಿನದಿಂದ ಅಳತೆ, ಗಡುವು ಮತ್ತು ಮಾತು ಉಳಿಸಿಕೊಳ್ಳುವ ಹೊಣೆ ಬರುತ್ತದೆ. ವಿಜಯಪುರದಲ್ಲಿ ಜನವರಿಯ ಸಿದ್ಧೇಶ್ವರ ಜಾತ್ರೆ, ರಂಜಾನ್, ಯುಗಾದಿ, ಮದುವೆಯ ತಿಂಗಳುಗಳಲ್ಲಿ ದರ್ಜಿಗಳಿಗೆ ಬಿಡುವಿರುವುದಿಲ್ಲ. ಹಬ್ಬ ಮುಗಿದ ಮೇಲೆ ಬಟ್ಟೆ ಕೊಟ್ಟರೆ ಎಷ್ಟು ಚೆನ್ನಾಗಿ ಹೊಲಿದಿದ್ದರೂ ಗಿರಾಕಿ ಮತ್ತೆ ಬರುವುದಿಲ್ಲ.

ಎರಡು, ಕತ್ತರಿಸುವುದು. ಹೊಲಿಯಲು ಬಲ್ಲವರು ಹತ್ತು ಮಂದಿ ಇದ್ದರೆ ಬಟ್ಟೆ ಕತ್ತರಿಸಲು ಬಲ್ಲವರು ಒಬ್ಬರೋ ಇಬ್ಬರೋ. ಎದೆ, ಸೊಂಟ, ತೋಳಿನ ಅಳತೆಯನ್ನು ಕಾಗದದ ಮೇಲೆ ಆಕಾರವಾಗಿ ಇಳಿಸಿ, ಅದರಿಂದ ಬಟ್ಟೆ ಕತ್ತರಿಸುವುದು ಲೆಕ್ಕದ ಕೆಲಸ. ಇನ್ನೊಬ್ಬರು ಕತ್ತರಿಸಿ ಕೊಟ್ಟದ್ದನ್ನು ಮಾತ್ರ ಹೊಲಿಯುವವಳು ಕೊನೆಯ ತನಕ ಕೂಲಿಯವಳಾಗಿಯೇ ಉಳಿಯುತ್ತಾಳೆ. ಕತ್ತರಿ ಹಿಡಿದವಳು ಅಂಗಡಿ ಇಡುತ್ತಾಳೆ.

ಮೂರು, ತನ್ನದೇ ವಿನ್ಯಾಸ ಹುಟ್ಟುವುದು. ಗುಳೇದಗುಡ್ಡದ ಖಣದ ಬಟ್ಟೆ ಕುಪ್ಪಸಕ್ಕೆಂದೇ ಇದ್ದದ್ದು. ಅದನ್ನು ಕೈಚೀಲಕ್ಕೆ, ದಿಂಬಿನ ಹೊದಿಕೆಗೆ, ಕಾಲೇಜು ಹುಡುಗಿಯರ ಕುರ್ತಾದ ಅಂಚಿಗೆ ಬಳಸಬಹುದು ಎಂದು ಯಾರೋ ಯೋಚಿಸಿದರು. ಈಗ ಅಂಥ ವಸ್ತುಗಳು ನಗರಗಳ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ. ಹಳೆಯ ಹೊಲಿಗೆಯನ್ನು ಕೆಡಿಸದೆ ಹೊಸ ವಸ್ತುವಿನ ಮೇಲೆ ತರುವುದೇ ಸೃಜನಶೀಲತೆ. ಫೇಟಿಯಾದ ಇಡೀ ಭಾರವನ್ನು ಪಟ್ಟಣದ ಹೆಣ್ಣುಮಗಳು ಉಡಲಾರಳು. ಆದರೆ ಅದರ ಒಂದು ಸಾಲು ಕಸೂತಿಯನ್ನು ಸೆರಗಿನ ಅಂಚಿನಲ್ಲಿಟ್ಟರೆ ಸಂತೋಷದಿಂದ ಕೊಳ್ಳುತ್ತಾಳೆ.

ನಾಲ್ಕು, ಲೆಕ್ಕ ಬರೆಯುವುದು. ಇದು ಎಲ್ಲಕ್ಕಿಂತ ಒಣ ವಿಷಯ. ಆದರೆ ಹೆಚ್ಚಿನವರು ಜಾರಿ ಬೀಳುವುದು ಇಲ್ಲಿಯೇ. ಇದನ್ನು ಮುಂದೆ ವಿವರವಾಗಿ ನೋಡೋಣ.

ತಾಂಡಾದ ಕಸೂತಿ ಹೊರಜಗತ್ತಿಗೆ

ಕೈಕಸುಬುಗಳಿಗೆ ಸ್ವತಂತ್ರ ಭಾರತದಲ್ಲಿ ಮರುಜೀವ ಕೊಟ್ಟವರಲ್ಲಿ ಮುಖ್ಯರಾದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1903ರಲ್ಲಿ ನಮ್ಮ ಮಂಗಳೂರಿನಲ್ಲೇ ಹುಟ್ಟಿದವರು ಎಂಬುದು ಕರಾವಳಿಯವರು ಹೆಮ್ಮೆಪಡಬೇಕಾದ ಸಂಗತಿ. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವವನ್ನು ಅವರು ವಹಿಸಿದ್ದರು. ಹಳ್ಳಿಯ ಕೈಕೆಲಸಕ್ಕೆ ಪಟ್ಟಣದ ಮಾರುಕಟ್ಟೆ ಸಿಗಬೇಕು, ಆದರೆ ಕಲೆ ಕೈಗಾರರ ಕೈಯಲ್ಲೇ ಉಳಿಯಬೇಕು ಎಂಬ ಅವರ ದಾರಿಯಲ್ಲೇ ಮುಂದೆ ಹಲವು ಸಂಸ್ಥೆಗಳು ನಡೆದವು.

ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ಲಂಬಾಣಿ ಹೆಂಗಸರ ಜೊತೆ ಕೆಲಸ ಮಾಡುತ್ತಿದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿ.ಐ. ಮಾನ್ಯತೆ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ವಿಜಯಪುರದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. ಆಶಾ ಪಾಟೀಲ ಅವರು 2017ರಲ್ಲಿ ಆರಂಭಿಸಿದ 'ಬಂಜಾರಾ ಕಸೂತಿ' ಎಂಬ ಸಂಸ್ಥೆ ಜಿಲ್ಲೆಯ ತಾಂಡಾಗಳ ಹೆಂಗಸರಿಗೆ ತರಬೇತಿ ಮತ್ತು ಕೆಲಸ ಕೊಡುತ್ತಾ ಬಂದಿದೆ. ಕಸೂತಿ ಕೆಲಸವನ್ನು ತಾಂಡಾದಲ್ಲೇ ಕುಳಿತು ಮಾಡಬಹುದು ಎಂಬುದೇ ಇಂಥ ಸಂಸ್ಥೆಗಳ ದೊಡ್ಡ ಲಾಭ. ಮನೆಗೆ ಬೀಗ ಹಾಕಿ ಕಬ್ಬಿನ ಗದ್ದೆಗೆ ಹೋಗುವ ಬದಲು ತಾಯಿ ಮನೆಯಲ್ಲೇ ಉಳಿದರೆ ಮಕ್ಕಳ ಶಾಲೆ ತಪ್ಪುವುದಿಲ್ಲ. ಸೂಜಿಯ ಕೆಲಸ ಎಂದರೆ ಬರಿಯ ಅಲಂಕಾರ ಎಂದು ತಿಳಿದವರು ಈ ಒಂದು ಅಂಶವನ್ನು ಗಮನಿಸಬೇಕು.

ಇಲ್ಲೊಂದು ಎಚ್ಚರಿಕೆಯ ಮಾತು. ಜಿ.ಐ. ಮಾನ್ಯತೆ ಇರುವ ಹೆಸರನ್ನು ಯಾರೂ ಎಲ್ಲಿಯೂ ಬಳಸುವಂತಿಲ್ಲ. 1999ರ ಕಾಯ್ದೆಯ ಪ್ರಕಾರ ಆ ಹೆಸರು ನಿಗದಿತ ಪ್ರದೇಶದ ಉತ್ಪಾದಕರಿಗೆ ಸೇರಿದ್ದು. ತಿಕೋಟಾದ ಹುಡುಗಿ ತನ್ನ ಕೆಲಸವನ್ನು 'ಲಂಬಾಣಿ ಕೈಕಸೂತಿ, ವಿಜಯಪುರ ಜಿಲ್ಲೆ' ಎಂದು ಮಾರಬಹುದು, 'ಸಂಡೂರು ಲಂಬಾಣಿ ಕಸೂತಿ' ಎಂದು ಮಾರಬಾರದು. ಕರ್ನಾಟಕದ ಕಸೂತಿಗೂ, ಇಳಕಲ್ ಸೀರೆಗೂ ಇಂಥ ಮಾನ್ಯತೆ ಇದೆ. ಮಷಿನ್ನಿನಲ್ಲಿ ಛಾಪಿಸಿದ ನಕಲನ್ನು 'ಕೈಕಸೂತಿ' ಎಂದು ಮಾರುವವರ ವಿರುದ್ಧ ಕೈಗಾರರಿಗೆ ಇರುವ ಒಂದು ರಕ್ಷೆಯೂ ಇದೇ.

ಕಲಿಕೆಯ ದಾರಿಗಳು

ಮನೆಯ ಕಲಿಕೆಯ ಮೇಲೆ ಶಾಲೆಯ ಕಲಿಕೆ ಸೇರಿದರೆ ಹುಡುಗಿಯ ಮುಂದಿನ ದಾರಿ ಅಗಲವಾಗುತ್ತದೆ. ವಿಜಯಪುರ ಭಾಗದಲ್ಲಿ ಇರುವ ದಾರಿಗಳನ್ನು ಇಲ್ಲಿ ಕೊಡಲಾಗಿದೆ.

ಐ.ಟಿ.ಐ.: ಹೊಲಿಗೆ ಮತ್ತು ಉಡುಪು ತಯಾರಿಕೆಯ ಒಂದು ವರ್ಷದ ತರಬೇತಿಗಳಿವೆ. ಕೆಲವಕ್ಕೆ 8ನೇ ತರಗತಿ, ಕೆಲವಕ್ಕೆ 10ನೇ ತರಗತಿ ಪಾಸಾಗಿದ್ದರೆ ಸಾಕು. ಇಲ್ಲಿ ಸಿಗುವ ಪ್ರಮಾಣಪತ್ರ ದೇಶದ ಎಲ್ಲ ಕಡೆ ನಡೆಯುತ್ತದೆ.

ರುಡ್‌ಸೆಟ್: 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಬ್ಯಾಂಕುಗಳ ಸಹಭಾಗಿತ್ವದಲ್ಲಿ ಆರಂಭವಾದ ಈ ಸಂಸ್ಥೆಯ ಒಂದು ಕೇಂದ್ರ ವಿಜಯಪುರದಲ್ಲಿಯೂ ಇದೆ. ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುವುದು ಮತ್ತು ತರಬೇತಿಯ ನಂತರ ಬ್ಯಾಂಕ್ ಸಾಲ ಪಡೆದು ಸ್ವಂತ ಉದ್ಯೋಗ ಹಿಡಿಯುವ ತನಕ ಬೆನ್ನಿಗೆ ನಿಲ್ಲುವುದು ಇದರ ಕ್ರಮ. ಇದೇ ಮಾದರಿಯನ್ನು ಕೇಂದ್ರ ಸರಕಾರ ಮುಂದೆ ದೇಶದ ಎಲ್ಲ ಜಿಲ್ಲೆಗಳಿಗೆ ವಿಸ್ತರಿಸಿತು. 18 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ.

ಮಹಿಳಾ ವಿಶ್ವವಿದ್ಯಾಲಯ: 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಆವರಣ ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ, ತೊರವಿಯ ಬಳಿ ಇದೆ. ಇಲ್ಲಿ ಫ್ಯಾಷನ್ ತಂತ್ರಜ್ಞಾನದ ಅಧ್ಯಯನ ವಿಭಾಗವಿದೆ. ತಿಕೋಟಾದ ಹುಡುಗಿ ದಿನವೂ ಬಸ್ಸಿನಲ್ಲಿ ಈ ಗೇಟಿನ ಮುಂದೆಯೇ ಹಾದು ಹೋಗುತ್ತಾಳೆ. ಒಳಗೆ ಏನು ಕಲಿಸುತ್ತಾರೆ ಎಂದು ಅವಳಿಗೆ ಯಾರಾದರೂ ಹೇಳಬೇಕಷ್ಟೆ.

ನಿಫ್ಟ್: ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಬೆಂಗಳೂರು ಕೇಂದ್ರ 1997ರಲ್ಲಿ ಆರಂಭವಾಯಿತು. ಪಿ.ಯು.ಸಿ. ನಂತರ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ವಿನ್ಯಾಸದ ಪದವಿ 4 ವರ್ಷದ್ದು. ಯಾವ ವಿಭಾಗದಲ್ಲಿ ಪಿ.ಯು.ಸಿ. ಓದಿದವರೂ ವಿನ್ಯಾಸಕ್ಕೆ ಅರ್ಜಿ ಹಾಕಬಹುದು, ಉಡುಪು ತಯಾರಿಕೆಯ ತಂತ್ರಜ್ಞಾನಕ್ಕೆ ಮಾತ್ರ ಗಣಿತ ಓದಿರಬೇಕು. ಕುಶಲಕರ್ಮಿಗಳಿಗೆ ಮತ್ತು ಅವರ ಮಕ್ಕಳಿಗೆ ಈ ಸಂಸ್ಥೆ ಪ್ರತ್ಯೇಕ ಪ್ರವೇಶದ ಅವಕಾಶ ಇಟ್ಟಿದೆ. ಅದಕ್ಕೆ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ಕುಶಲಕರ್ಮಿ ಗುರುತಿನ ಚೀಟಿ ಉಪಯೋಗಕ್ಕೆ ಬರುತ್ತದೆ. ಕಸೂತಿ ಮಾಡುವ ತಾಯಿ ಈ ಚೀಟಿ ಮಾಡಿಸಿಕೊಂಡಿದ್ದರೆ ಅದು ಮಗಳ ಓದಿಗೂ ನೆರವಾಗಬಹುದು.

ಪಿ.ಎಂ. ವಿಶ್ವಕರ್ಮ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯಲ್ಲಿ 18 ಕಸುಬುಗಳಿವೆ, ದರ್ಜಿ ಕೆಲಸವೂ ಅವುಗಳಲ್ಲೊಂದು. ಮೂಲ ತರಬೇತಿಯ ದಿನಗಳಿಗೆ ದಿನಕ್ಕೆ 500 ರೂ. ಭತ್ಯೆ, ಸಲಕರಣೆಗೆ 15,000 ರೂ. ವರೆಗೆ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ ರೂ. ಮತ್ತು ಅದನ್ನು ಸರಿಯಾಗಿ ತೀರಿಸಿದ ಮೇಲೆ 2 ಲಕ್ಷ ರೂ. ವರೆಗೆ ಸಾಲ ಈ ಯೋಜನೆಯಲ್ಲಿ ನಿಗದಿಯಾಗಿದೆ. 18 ವರ್ಷ ತುಂಬಿರಬೇಕು, ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಅರ್ಜಿ ಸ್ವೀಕರಿಸುತ್ತಿದ್ದಾರೆಯೇ ಎಂದು ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ಕೇಳಿ ತಿಳಿಯಬೇಕು. 'ಪ್ರಧಾನಿಯವರಿಂದ ಎಲ್ಲರಿಗೂ ಉಚಿತ ಹೊಲಿಗೆ ಯಂತ್ರ' ಎಂದು ಮೊಬೈಲಿನಲ್ಲಿ ಬರುವ ಸಂದೇಶಗಳನ್ನು ಕೇಂದ್ರ ಸರಕಾರದ ವಾರ್ತಾ ಸಂಸ್ಥೆಯೇ ಸುಳ್ಳು ಎಂದು ಹೇಳಿದೆ. ಅಂಥ ಕೊಂಡಿಗಳನ್ನು ಒತ್ತಿ ಆಧಾರ್, ಬ್ಯಾಂಕ್ ವಿವರ ಕೊಡಬಾರದು.

ಕೂಲಿಯ ಲೆಕ್ಕ

ಈಗ ಆ ನಾಲ್ಕನೆಯ ಮೆಟ್ಟಿಲಿಗೆ ಬರೋಣ. ಒಂದು ಕಸೂತಿ ಕೈಚೀಲದ ಲೆಕ್ಕವನ್ನು ಉದಾಹರಣೆಗಾಗಿ ಹಾಕಿ ನೋಡೋಣ. ಅಂಕಿಗಳು ತಿಳಿವಳಿಕೆಗಾಗಿ ಮಾತ್ರ.

ಬಟ್ಟೆಗೆ 120 ರೂ., ದಾರ ಮತ್ತು ಕನ್ನಡಿಗೆ 40 ರೂ., ಒಳಬಟ್ಟೆ ಮತ್ತು ಜಿಪ್ಪಿಗೆ 60 ರೂ., ಒಟ್ಟು ಸಾಮಾನಿಗೆ 220 ರೂ. ಮಷಿನ್ನು, ಕರೆಂಟು, ಸೂಜಿಯ ಸವಕಳಿಗೆ 30 ರೂ. ಇಲ್ಲಿಗೆ 250 ರೂ. ಕೈಕಸೂತಿಗೆ 10 ಗಂಟೆ ಹಿಡಿಯಿತು ಎಂದುಕೊಳ್ಳೋಣ. ಗಂಟೆಗೆ 60 ರೂ. ಹಿಡಿದರೆ ಕೂಲಿ 600 ರೂ. ಅಲ್ಲಿಗೆ 850 ರೂ. ಆಯಿತು. ಮಾರಾಟವಾಗದೆ ಉಳಿದದ್ದು, ಹಾಳಾದದ್ದು, ಸಾಗಣೆ ಇವಕ್ಕೆಂದು ಇನ್ನೊಂದು 130 ರೂ. ಸೇರಿಸಿದರೆ ಚೀಲದ ಬೆಲೆ 980 ರೂ.

ಈಗ ಒಬ್ಬ ವ್ಯಾಪಾರಿ ಬಂದು '500 ರೂಪಾಯಿಗೆ ಕೊಡು, ನೂರು ಚೀಲ ತಗೋತೀನಿ' ಎನ್ನುತ್ತಾನೆ. ನೂರು ಚೀಲ ಎಂದಾಗ ಹುಡುಗಿಗೆ ಸಂತೋಷವಾಗುತ್ತದೆ. ಆದರೆ 500ರಲ್ಲಿ 250 ಖರ್ಚು ಕಳೆದರೆ ಉಳಿಯುವುದು 250 ರೂ. ಹತ್ತು ಗಂಟೆಯ ದುಡಿಮೆಗೆ ಗಂಟೆಗೆ 25 ರೂ. ನೂರು ಚೀಲಕ್ಕೆ ಸಾವಿರ ಗಂಟೆ ಬಗ್ಗಿ ಕುಳಿತು, ಕಣ್ಣು ಸವೆಸಿ, ಅವಳು ಹೊಲದ ಕೂಲಿಗಿಂತಲೂ ಕಡಿಮೆ ದುಡಿದಂತಾಗುತ್ತದೆ. ತನ್ನ ದುಡಿಮೆಯ ಗಂಟೆಗಳನ್ನು ಪುಸ್ತಕದಲ್ಲಿ ಬರೆಯದವಳಿಗೆ ಈ ನಷ್ಟ ಕಾಣುವುದೇ ಇಲ್ಲ. ಸಾಮಾನಿನ ಹಣ ಕಳೆದು ಉಳಿದದ್ದೆಲ್ಲ ಲಾಭ ಎಂದೇ ಅವಳು ತಿಳಿಯುತ್ತಾಳೆ.

ಹಾಗಾದರೆ 980ಕ್ಕೆ ಕೊಳ್ಳುವವರು ಇಲ್ಲದಿದ್ದರೆ? ಆಗ ಬೆಲೆ ಇಳಿಸುವ ಮೊದಲು ಕೆಲಸವನ್ನು ಬದಲಿಸಬೇಕು. ಇಡೀ ಚೀಲ ತುಂಬುವ ಬದಲು ಒಂದು ಪಟ್ಟಿ ಕಸೂತಿ ಮಾಡಿದರೆ 10 ಗಂಟೆಯ ಬದಲು 4 ಗಂಟೆ ಸಾಕಾದೀತು. ಆಗ ಕೂಲಿ 240 ರೂ., ಖರ್ಚು ಸೇರಿ 490 ರೂ., ಮೇಲಿನ ಖರ್ಚಿಗೆ ಸ್ವಲ್ಪ ಸೇರಿಸಿದರೆ 560ರ ಆಸುಪಾಸು. ವಿನ್ಯಾಸ ಎಂಬುದು ಚೆಂದದ ವಿಷಯ ಮಾತ್ರವಲ್ಲ, ಕೂಲಿ ಉಳಿಸಿಕೊಳ್ಳುವ ಉಪಾಯವೂ ಹೌದು ಎಂಬುದು ಇದರಿಂದ ತಿಳಿಯುತ್ತದೆ.

ದಾರಿಯಲ್ಲಿನ ಅಡ್ಡಿಗಳು

ಮೊದಲ ಅಡ್ಡಿ ಬೇಗ ಮದುವೆ. ಹೆಣ್ಣಿಗೆ 18 ವರ್ಷ ತುಂಬದೆ ಮದುವೆ ಮಾಡುವುದು 2006ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಹತ್ತನೇ ತರಗತಿ ಮುಗಿದ ಕೂಡಲೇ ಗಂಡು ಹುಡುಕುವ ಮನೆಗಳು ಇನ್ನೂ ಇವೆ. ತರಬೇತಿ ಮತ್ತು ಸಾಲದ ಬಾಗಿಲು ತೆರೆಯುವುದು 18ಕ್ಕೆ, ಶಾಲೆ ಬಿಡುವುದು 15-16ಕ್ಕೆ. ಈ ಎರಡು-ಮೂರು ವರ್ಷಗಳೇ ಹುಡುಗಿಯ ಹಣೆಬರಹವನ್ನು ತೀರ್ಮಾನಿಸುತ್ತವೆ. ಈ ಅವಧಿಯಲ್ಲಿ ಅವಳು ಓದಿನಲ್ಲಿ ಉಳಿದರೆ ಮುಂದಿನ ದಾರಿಗಳೆಲ್ಲ ಉಳಿಯುತ್ತವೆ.

ಎರಡನೆಯದು, ಹವ್ಯಾಸದ ಹೆಸರಿನಲ್ಲಿ ದುಡಿಸಿಕೊಳ್ಳುವುದು. 14 ವರ್ಷದೊಳಗಿನ ಮಕ್ಕಳು ಶಾಲೆಯ ನಂತರ ಮನೆಯ ಕೆಲಸಕ್ಕೆ ಕೈಜೋಡಿಸುವುದು ಬೇರೆ, ವ್ಯಾಪಾರಿಯ ಗಡುವಿಗಾಗಿ ಶಾಲೆ ತಪ್ಪಿಸಿ ಕನ್ನಡಿ ಕೂರಿಸುವುದು ಬೇರೆ. ಎರಡನೆಯದಕ್ಕೆ ಕಾನೂನು ಅವಕಾಶ ಕೊಡುವುದಿಲ್ಲ. ಮಗು ಸಂತೋಷದಿಂದ ಕಲಿಯುವ ವಿದ್ಯೆಯನ್ನು ಬೇಗನೆ ಕೂಲಿಯಾಗಿ ಮಾಡಿದರೆ ಓದೂ ಹೋಗುತ್ತದೆ, ಕಲೆಯ ಮೇಲಿನ ಪ್ರೀತಿಯೂ ಹೋಗುತ್ತದೆ.

ಮೂರನೆಯದು ದೇಹದ ಕಷ್ಟ. ಮಂದ ಬೆಳಕಿನಲ್ಲಿ ಎಳೆ ಎಣಿಸಿದರೆ ಕಣ್ಣು ನೋಯುತ್ತದೆ, ನೆಲದ ಮೇಲೆ ಬಾಗಿ ಕುಳಿತರೆ ಕುತ್ತಿಗೆ, ಬೆನ್ನು ಹಿಡಿಯುತ್ತದೆ. ಹಗಲು ಬೆಳಕಿನಲ್ಲಿ ಕೆಲಸ, ಅರ್ಧ ಗಂಟೆಗೊಮ್ಮೆ ಎದ್ದು ದೂರ ನೋಡುವುದು, ಕಾಲು ಮಷಿನ್ನಿಗೆ ಸರಿಯಾದ ಎತ್ತರದ ಕುರ್ಚಿ ಇವು ಖರ್ಚಿಲ್ಲದ ಪರಿಹಾರಗಳು.

ನಾಲ್ಕನೆಯದು ಒಂಟಿತನ. ಒಬ್ಬಳೇ ಹೊಲಿಯುವವಳಿಗೆ ದಾರವೂ ದುಬಾರಿ, ಸಾಗಣೆಯೂ ದುಬಾರಿ. ಹತ್ತು ಮಂದಿ ಸ್ವಸಹಾಯ ಸಂಘ ಕಟ್ಟಿಕೊಂಡರೆ ಸಾಮಾನನ್ನು ಸಗಟಿನಲ್ಲಿ ತರಬಹುದು, ವ್ಯಾಪಾರಿಯ ಮುಂದೆ ಒಂದೇ ಬೆಲೆ ಹೇಳಬಹುದು.

ಸೂಜಿ, ಕುಂಚ ಹಿಡಿದು ಬೆಳೆದವರು

ವಿಜಯಪುರಕ್ಕೆ ಅಷ್ಟೇನೂ ದೂರವಲ್ಲದ ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿದ ಭಾನು ಅಥೈಯಾ ಅವರ ತಂದೆ ಚಿತ್ರಕಾರರಾಗಿದ್ದರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದ ಭಾನು, ಮಹಿಳಾ ಪತ್ರಿಕೆಗಳಿಗೆ ಉಡುಪುಗಳ ಚಿತ್ರ ಬರೆದುಕೊಡುತ್ತಿದ್ದರು. ಪತ್ರಿಕೆಯ ಸಂಪಾದಕಿ ಉಡುಪಿನ ಅಂಗಡಿ ತೆರೆದಾಗ, ಚಿತ್ರ ಬರೆದ ಉಡುಪನ್ನು ತಾವೇ ಸಿದ್ಧಪಡಿಸಿ ನೋಡುವ ಅವಕಾಶ ಅವರಿಗೆ ಸಿಕ್ಕಿತು. ಅಲ್ಲಿಂದ ಸಿನಿಮಾಕ್ಕೆ ಬಂದರು. 1982ರ 'ಗಾಂಧಿ' ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಜಾನ್ ಮೊಲ್ಲೊ ಅವರ ಜೊತೆ ಆಸ್ಕರ್ ಪಡೆದು, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 2020ರಲ್ಲಿ ತೀರಿಕೊಂಡರು. ಗಾಂಧೀಜಿಯ ಖಾದಿ, ಹಳ್ಳಿಯವರ ಮಾಸಿದ ಧೋತರ, ಸತ್ಯಾಗ್ರಹಿಗಳ ಬಿಳಿ ಸೀರೆ ಇವನ್ನು ಇದ್ದ ಹಾಗೆ ತೋರಿಸುವುದೇ ಅಲ್ಲಿನ ಕಲೆಯಾಗಿತ್ತು.

ಫ್ರಾನ್ಸಿನ ಗಾಬ್ರಿಯೆಲ್ ಶನೆಲ್ ಕಥೆ ನಮ್ಮ ಓದುಗರಿಗೆ ಇನ್ನೊಂದು ಕಾರಣಕ್ಕೆ ಹತ್ತಿರವಾದದ್ದು. 1883ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ತಾಯಿ ತೀರಿಕೊಂಡಾಗ ಸುಮಾರು 12ರ ವಯಸ್ಸಿನಲ್ಲಿ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಓಬಜೀನಿನ ಅನಾಥಾಲಯಕ್ಕೆ ಸೇರಿದಳು, ಅಲ್ಲಿ ಹೊಲಿಗೆ ಕಲಿತಳು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಮುಂದೆ ಅಂಗಡಿಯೊಂದರಲ್ಲಿ ಹೊಲಿಗೆಯ ಕೆಲಸ ಮಾಡಿ, 1910ರಲ್ಲಿ ಪ್ಯಾರಿಸ್ಸಿನಲ್ಲಿ ಟೋಪಿಗಳ ಅಂಗಡಿ ತೆರೆದರು. ಇಪ್ಪತ್ತನೇ ಶತಮಾನದ ಹೆಣ್ಣುಮಕ್ಕಳ ಉಡುಪಿನ ರೀತಿಯನ್ನೇ ಬದಲಿಸಿದ ಹೆಸರು ಅದು. ಕರಾವಳಿಯ ಕಾನ್ವೆಂಟುಗಳ ಬೋರ್ಡಿಂಗುಗಳಲ್ಲಿ ಕ್ರೋಶಾ, ಕಸೂತಿ, ಹೊಲಿಗೆ ಕಲಿತ ನಮ್ಮ ತಾಯಂದಿರ ತಲೆಮಾರು ಇದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲದು.

ಎಲ್ಲರೂ ಭಾನು ಅಥೈಯಾ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ಬಬಲೇಶ್ವರದ ಬಜಾರಿನಲ್ಲಿ ಸ್ವಂತ ಹೆಸರಿನ ಫಲಕ ಹಾಕಿದ ಒಂದು ಹೊಲಿಗೆ ಅಂಗಡಿ, ಅದರಲ್ಲಿ ಇಬ್ಬರಿಗೆ ಕೆಲಸ, ತಮ್ಮನ ಕಾಲೇಜು ಫೀಸು, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ಇಷ್ಟು ಆದರೆ ಅದೂ ಒಂದು ಸಾಧನೆಯೇ ಸರಿ.

ನಮ್ಮ ಧರ್ಮಕೇಂದ್ರಗಳು ಮಾಡಬಹುದಾದದ್ದು

ವಿಜಯಪುರ ದೂರದ ಊರಾದರೂ ಅಲ್ಲಿನ ಕುಟುಂಬಗಳು ನಮ್ಮ ಚರ್ಚಿನ ಹಿಂದಿನ ಓಣಿಯಲ್ಲೇ ವಾಸಿಸುತ್ತಿವೆ. ಆದ್ದರಿಂದ ಇದು ನಮಗೆ ಸಂಬಂಧವಿಲ್ಲದ ವಿಷಯವಲ್ಲ. ಕಾರ್ಯಕರ್ತರು ಗಮನಿಸಬಹುದಾದ ಕೆಲವು ಅಂಶಗಳು ಹೀಗಿವೆ:

1. ವಲಸೆ ಕುಟುಂಬಗಳನ್ನು ಭೇಟಿ ಮಾಡುವಾಗ 'ನಿಮಗೆ ಏನು ಬೇಕು' ಎಂಬ ಪ್ರಶ್ನೆಯ ಜೊತೆಗೆ 'ನಿಮಗೆ ಏನು ಬರುತ್ತದೆ' ಎಂದೂ ಕೇಳಬೇಕು. ಕೌದಿ, ಕಸೂತಿ ಬಲ್ಲ ಅಕ್ಕ-ಅಮ್ಮಂದಿರು ಆಗ ಮಾತ್ರ ಮುಂದೆ ಬರುತ್ತಾರೆ.

2. ಸ್ತ್ರೀ ಸಂಘಟನೆಗಳು ನಡೆಸುವ ಹೊಲಿಗೆ ತರಗತಿಗಳಲ್ಲಿ ಹೊಲಿಗೆಯ ಜೊತೆ ಕತ್ತರಿಸುವುದನ್ನೂ ಲೆಕ್ಕ ಬರೆಯುವುದನ್ನೂ ಕಲಿಸಬೇಕು. ಇವೆರಡಿಲ್ಲದ ತರಗತಿ ಪ್ರಮಾಣಪತ್ರ ಹಂಚುವಲ್ಲಿಗೆ ಮುಗಿಯುತ್ತದೆ.

3. ಇಂಥ ಅಮ್ಮಂದಿರನ್ನು ವಿದ್ಯಾರ್ಥಿನಿಯರನ್ನಾಗಿ ಮಾತ್ರವಲ್ಲ, ಶಿಕ್ಷಕಿಯರನ್ನಾಗಿಯೂ ಕರೆಯಬೇಕು. ಗಾವಂತಿ ಹೊಲಿಗೆಯನ್ನು ನಮ್ಮ ಹುಡುಗಿಯರಿಗೆ ಕಲಿಸಲು ಅವರಿಗಿಂತ ಬಲ್ಲವರು ಯಾರು? ಕಲಿಸಿದ್ದಕ್ಕೆ ಗೌರವಧನ ಕೊಡುವುದನ್ನು ಮರೆಯಬಾರದು.

4. ಚರ್ಚಿನ ಹಬ್ಬದ ಮಾರಾಟ ಮಳಿಗೆಗಳಲ್ಲಿ ಒಂದನ್ನು ಇವರ ಕೆಲಸಕ್ಕೆ ಮೀಸಲಿಡಬಹುದು. ಬೆಲೆ ಚೌಕಾಶಿ ಮಾಡುವ ಮೊದಲು ಕೊಳ್ಳುವವರು ಮೇಲಿನ ಗಂಟೆಗೆ 25 ರೂಪಾಯಿಯ ಲೆಕ್ಕವನ್ನು ನೆನಪಿಸಿಕೊಳ್ಳಲಿ.

5. ಮಗಳು 15-16ರಲ್ಲಿ ಶಾಲೆ ಬಿಡುತ್ತಿದ್ದಾಳೆ ಎಂದು ಕಂಡರೆ, ಪಿ.ಯು.ಸಿ. ಅಥವಾ ಐ.ಟಿ.ಐ. ಅರ್ಜಿ ತುಂಬಲು ಒಬ್ಬರು ಜೊತೆಗೆ ಹೋಗಬೇಕು. ಜಾತಿ, ಆದಾಯ ಪ್ರಮಾಣಪತ್ರ ಇದ್ದರೆ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ಊರಿಗೆ ಮರಳುವ ಕುಟುಂಬಕ್ಕೆ ವಿಜಯಪುರದ ರುಡ್‌ಸೆಟ್ ಮತ್ತು ಮಹಿಳಾ ವಿಶ್ವವಿದ್ಯಾಲಯದ ವಿಷಯ ತಿಳಿಸಿ ಕಳುಹಿಸಿದರೂ ಸಾಕು.

ಸೂಜಿ ಹಿಡಿದ ಹುಡುಗಿಗೆ ಬೇಕಾದದ್ದು ಬರೀ ಹೊಗಳಿಕೆ ಅಲ್ಲ. ಅವಳಿಗೆ ಇನ್ನೂ ಎರಡು-ಮೂರು ವರ್ಷ ಓದು, ಕೈಗೆ ಒಂದು ಕತ್ತರಿ, ದುಡಿಮೆಗೆ ನ್ಯಾಯವಾದ ಬೆಲೆ ಬೇಕು. ಇಷ್ಟನ್ನು ಮನೆಯವರು, ನೆರೆಯವರು ಮತ್ತು ಕೊಳ್ಳುವವರು ಸೇರಿ ಕೊಟ್ಟರೆ ಉಳಿದದ್ದನ್ನು ಅವಳ ಕೈಯೇ ನೋಡಿಕೊಳ್ಳುತ್ತದೆ.